ಮಡಿಕೇರಿಯ ಪುಟ್ಟ ಆರ್ಟ್ ಗ್ಯಾಲರಿಯಲ್ಲಿ ಬೇಸಿಗೆ ಕೆಲಸ: ಸೇರಬಹುದಾ?

ನೇರವಾಗಿ ಹೇಳಿಬಿಡುತ್ತೇನೆ. ಚಿತ್ರ ಬಿಡಿಸೋದು ಕಲಿಯಬೇಕು ಅಂತಿದ್ದರೆ ಈ ಕೆಲಸಕ್ಕೆ ಸೇರಬೇಡಿ. ದುಡ್ಡಿಗಾಗಿ ಅಂತೂ ಬೇಡವೇ ಬೇಡ. ಬಿಡಿಸಿ ಮುಗಿದ ಚಿತ್ರಕ್ಕೆ ಆಮೇಲೆ ಏನಾಗುತ್ತದೆ, ಗೋಡೆಗೆ ಹೇಗೆ ಹಾಕುತ್ತಾರೆ, ಯಾರು ಕೊಳ್ಳುತ್ತಾರೆ, ನಮ್ಮ ಮಳೆಯಿಂದ ಹೇಗೆ ಉಳಿಸಿಕೊಳ್ಳುತ್ತಾರೆ ಅನ್ನೋ ಕುತೂಹಲ ಇದ್ದರೆ ಮಾತ್ರ ಕಣ್ಣು ಮುಚ್ಚಿ ಸೇರಿ.

ಗ್ಯಾಲರಿಯ ಹೆಸರು ಬರೆಯುವುದಿಲ್ಲ, ಯಾಕೆಂದರೆ ಕೆಳಗೆ ಸ್ವಲ್ಪ ಬೈದಿದ್ದೇನೆ. ಮಡಿಕೇರಿ ಪೇಟೆಯಲ್ಲೇ ಒಂದು ಹಳೆ ಹೆಂಚಿನ ಮನೆ. ಎರಡು ಕೋಣೆ, ಒಂದು ಜಗಲಿ, ಹಿಂದೆ ಒಂದು ಸ್ಟೋರ್ ರೂಮ್. ಊರಿನ ಕೆಲವು ಕಲಾವಿದರು, ಒಬ್ಬರು ರಿಟೈರ್ ಆದ ಡ್ರಾಯಿಂಗ್ ಮೇಷ್ಟ್ರು, ಕಾಫಿ ತೋಟ ಇರುವ ಒಂದಿಬ್ಬರು ಸೇರಿ ನಡೆಸುತ್ತಾರೆ. ಏಪ್ರಿಲ್, ಮೇನಲ್ಲಿ ಟೂರಿಸ್ಟ್‌ಗಳು ಜಾಸ್ತಿ. ಹಾಗಾಗಿ ಆ ಎರಡು ತಿಂಗಳಿಗೆ ಕಾಲೇಜು ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ಗ್ಯಾಲರಿ ನೋಡಿಕೊಳ್ಳುವವರನ್ನು ನಾವೆಲ್ಲ ಅಕ್ಕ ಅಂತಲೇ ಕರೆಯುತ್ತಿದ್ದೆವು. ಮೇಷ್ಟ್ರು ಮಾತ್ರ ಮೇಷ್ಟ್ರೇ.

ಮೊದಲ ವಾರ ಪೂರ್ತಿ ಚಿತ್ರ ನೇತುಹಾಕುವ ಕೆಲಸ. ಮೊಳೆ ಹೊಡೆದರೆ ಆಯಿತಲ್ಲ ಅಂದುಕೊಳ್ಳಬೇಡಿ. ಚಿತ್ರದ ನಡುಭಾಗ ನೆಲದಿಂದ 57 ಇಂಚಿಗೆ ಬರಬೇಕು. ನಿಂತು ನೋಡುವವರ ಕಣ್ಣಿನ ಎತ್ತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ ಅಂತ ಬಹಳಷ್ಟು ಗ್ಯಾಲರಿಗಳಲ್ಲಿ ಇದೇ ಲೆಕ್ಕ ಇಟ್ಟುಕೊಳ್ಳುತ್ತಾರೆ. ಹಾಗಾದರೆ ಮೊಳೆ ಎಲ್ಲಿ? ಫ್ರೇಮ್ 20 ಇಂಚು ಎತ್ತರ ಇದೆ ಅನ್ನಿ. ಅದರ ಅರ್ಧ, ಅಂದರೆ 10, ಅದನ್ನು 57ಕ್ಕೆ ಸೇರಿಸಬೇಕು. ಹಿಂದಿನ ತಂತಿಯನ್ನು ಬೆರಳಿನಿಂದ ಮೇಲಕ್ಕೆ ಎಳೆದಾಗ ಅದು ಫ್ರೇಮಿನ ಮೇಲಂಚಿಗಿಂತ 3 ಇಂಚು ಕೆಳಗೆ ನಿಂತರೆ ಆ 3 ಕಳೆಯಬೇಕು. ಮೊಳೆ 64 ಇಂಚಿಗೆ. ಇಷ್ಟೇ ಗಣಿತ. ಆದರೆ ಹಳೆ ಮನೆಯ ನೆಲ ಎಲ್ಲಿ ಸಮ ಇರುತ್ತದೆ ಹೇಳಿ? ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನೆಲವೇ ಇಳಿದಿದೆ, ಅಲ್ಲಿ ಪ್ರತಿ ಚಿತ್ರಕ್ಕೂ ನೆಲದಿಂದ ಅಳೆದರೆ ಇಡೀ ಸಾಲೇ ಓರೆ ಕಾಣುತ್ತದೆ. ಹಾಗಾಗಿ ಮೊದಲು ಗೋಡೆಗುಂಟ ದಾರ ಕಟ್ಟಿ, ಸ್ಪಿರಿಟ್ ಲೆವೆಲ್ ಇಟ್ಟು ಸರಿ ಮಾಡಿ, ಆಮೇಲೆ ಎಲ್ಲವನ್ನೂ ದಾರದಿಂದ ಅಳೆಯುವುದು. ಮೇಷ್ಟ್ರು ಇದನ್ನು ಎಷ್ಟು ತಾಳ್ಮೆಯಿಂದ ಹೇಳಿಕೊಟ್ಟರು ಅಂದರೆ, ಕಾಲೇಜಿನಲ್ಲಿ ಹೀಗೆ ಯಾರೂ ನನಗೆ ಏನನ್ನೂ ಹೇಳಿಕೊಟ್ಟಿಲ್ಲ.

ಎರಡನೇ ಪಾಠ ತೇವದ್ದು. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್ ಬಂತೆಂದರೆ ಬೀರುವಿನೊಳಗಿನ ಬೆಲ್ಟು, ಚಪ್ಪಲಿ, ಸರ್ಟಿಫಿಕೇಟ್ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ, ಅಲ್ವಾ. ಕಾಗದದ ಮೇಲಿನ ಜಲವರ್ಣಕ್ಕೆ ಅದೇ ದೊಡ್ಡ ಶತ್ರು. ಕಾಗದ ಗಾಜಿಗೆ ತಾಗಬಾರದು, ತಾಗಿದರೆ ಅಲ್ಲೇ ನೀರು ಕಟ್ಟಿ ಕಲೆ ಆಗುತ್ತದೆ. ಅದಕ್ಕೇ ಸುತ್ತ ಮೌಂಟ್ ಬೋರ್ಡ್ ಅನ್ನೋ ದಪ್ಪ ರಟ್ಟು ಕೂರಿಸುತ್ತಾರೆ. ಚೆಂದಕ್ಕೆ ಅಂತ ನಾನು ಅಂದುಕೊಂಡಿದ್ದೆ, ನಿಜವಾದ ಕೆಲಸ ಗಾಜು ಮತ್ತು ಕಾಗದದ ನಡುವೆ ಸಂದು ಬಿಡುವುದು. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಚಿಕ್ಕ ಕಾರ್ಕ್ ತುಂಡು ಅಂಟಿಸುತ್ತಾರೆ, ಗೋಡೆಗೂ ಫ್ರೇಮಿಗೂ ಮಧ್ಯೆ ಗಾಳಿ ಆಡಲಿ ಅಂತ. ಸ್ಟೋರ್ ರೂಮಿನಲ್ಲಿ ಸಿಲಿಕಾ ಜೆಲ್ ಡಬ್ಬಗಳು. ನೀಲಿ ಕಾಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ನೀರು ಹೀರಿ ಮುಗಿಯಿತು ಅಂತ ಅರ್ಥ, ಮತ್ತೆ ಬಿಸಿ ಮಾಡಿ ಒಣಗಿಸಬೇಕು. ಮಳೆಗಾಲಕ್ಕೆ ಮುಂಚೆ ಕಾಗದದ ಕೆಲಸಗಳನ್ನೆಲ್ಲ ಇಳಿಸಿ ಒಳಗಿಡುತ್ತಾರೆ, ಗೋಡೆಯ ಮೇಲೆ ಕ್ಯಾನ್ವಾಸ್‌ನ ಅಕ್ರಿಲಿಕ್ ಚಿತ್ರಗಳಷ್ಟೇ ಉಳಿಯುತ್ತವೆ. ಈ ಇಳಿಸುವ ಕೆಲಸ ಮೇ ಕೊನೆಗೆ ಬರುತ್ತದೆ, ಅದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ.

ಇನ್ನು ಬರುವವರ ಕಥೆ. ಅರ್ಧ ಜನ ರಾಜಾಸೀಟಿಗೆ ಹೋಗುವ ದಾರಿಯಲ್ಲಿ ಮಳೆ ಬಂತು ಅಂತ ಒಳಗೆ ನುಗ್ಗಿದವರು. ಹೋಮ್‌ಮೇಡ್ ಚಾಕ್ಲೇಟ್ ಎಲ್ಲಿ ಸಿಗುತ್ತೆ, ಟಾಯ್ಲೆಟ್ ಇದೆಯಾ, ಅಬ್ಬಿ ಫಾಲ್ಸ್‌ನಲ್ಲಿ ಈಗ ನೀರಿದೆಯಾ. ಕಾಫಿ ಹೂವಿನ ಚಿತ್ರ ನೋಡಿ ಈ ಹೂವು ಈಗ ಎಲ್ಲಿ ನೋಡಬಹುದು ಅಂತ ಮೇ ತಿಂಗಳಲ್ಲಿ ಕೇಳುತ್ತಾರೆ, ಹೂಮಳೆ ಬಿದ್ದು ಅರಳಿ ಕೆಲವೇ ದಿನಕ್ಕೆ ಉದುರುವ ಹೂವು ಅದು ಅಂತ ಹೇಳಿ ಹೇಳಿ ಬಾಯಿ ನೋಯುತ್ತದೆ. ಬೆಂಗಳೂರಿನವರು ಅಲ್ಲಿನ ಚಿತ್ರಸಂತೆಯ (ಚಿತ್ರ ಮಾರುವ ಸಂತೆ) ರೇಟ್ ತೆಗೆದು ಚೌಕಾಸಿ ಮಾಡುತ್ತಾರೆ. ಸಿಟ್ಟು ಬಂದರೂ ನಗಬೇಕು.

ಊರಿನವರು ಬಂದರೆ ಮಜಾನೇ ಬೇರೆ. ಕಪ್ಪು ಕುಪ್ಯ, ಅಂದರೆ ಕೊಡವ ಗಂಡಸರ ಉದ್ದ ನಿಲುವಂಗಿ, ತೊಟ್ಟ ಹುಡುಗನ ಒಂದು ಒಳ್ಳೆ ಚಿತ್ರ ಇತ್ತು, ಕೆಳಗೆ 'ಕೊಡವ ಮದುಮಗ' ಅಂತ ಚೀಟಿ. ಒಬ್ಬರು ಅಜ್ಜ ಕೋಲೂರಿಕೊಂಡು ಅದರ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ನನ್ನನ್ನು ಕರೆದು, "ಮಗಾ, ಮದುಮಗ ಕಪ್ಪು ಹಾಕ್ತಾನಾ? ಬಿಳಿ ಕುಪ್ಯ ಅಲ್ವಾ?" ಅಂದರು. ಸೊಂಟಕ್ಕೆ ಸಿಕ್ಕಿಸುವ ಚಿಕ್ಕ ಕತ್ತಿ, ಪೀಚೆಕತ್ತಿ, ಮುಂದೆ ಸರಿಯಾಗಿಯೇ ಇದೆ ಅಂತ ಕಲಾವಿದರಿಗೆ ಒಂದು ಮಾರ್ಕನ್ನೂ ಕೊಟ್ಟರು. ಮಾರನೇ ದಿನ ಚೀಟಿ 'ಕುಪ್ಯ ತೊಟ್ಟ ಯುವಕ' ಆಯಿತು.

ಮಾರಾಟ ನೋಡಿ ನನಗೆ ಬೇಸರ ಆಗಿದ್ದೂ ಉಂಟು. ಆನೆ, ಐನ್‌ಮನೆ (ಕೊಡವ ಕುಟುಂಬದ ಹಿರಿಯರ ಮೂಲಮನೆ), ಮಂಜು ಮುಸುಕಿದ ಬೆಟ್ಟ, ಸೂಟ್‌ಕೇಸಿನಲ್ಲಿ ಹಿಡಿಸುವ ಸೈಜಿನಲ್ಲಿದ್ದರೆ ಬೇಗ ಖಾಲಿ. ಕೆಂಪು ಚುಕ್ಕೆಯ ಸ್ಟಿಕ್ಕರ್ ಅಂಟಿಸಿದರೆ ಮಾರಾಟ ಆಯಿತು ಅಂತ. ಎಸ್ಟೇಟಿನ ಲೈನ್ ಮನೆಗಳ, ಅಂದರೆ ತೋಟದ ಕೆಲಸಗಾರರು ಇರುವ ಸಾಲು ಮನೆಗಳ, ಇದ್ದಿಲು ಚಿತ್ರಗಳ ಒಂದು ಸಾಲು ಇತ್ತು. ಒದ್ದೆ ಬಟ್ಟೆ ಒಣಹಾಕಿದ ಹಗ್ಗ, ಒಲೆಯ ಹೊಗೆ, ಬಾಗಿಲಲ್ಲಿ ಕೂತ ಮಗು. ನನ್ನ ಪ್ರಕಾರ ಇಡೀ ಗ್ಯಾಲರಿಯಲ್ಲಿ ಅದೇ ಎಲ್ಲಕ್ಕಿಂತ ಗಟ್ಟಿ ಕೆಲಸ. ನಾನಿರುವವರೆಗೂ ಅದಕ್ಕೆ ಒಂದೂ ಚುಕ್ಕೆ ಬೀಳಲಿಲ್ಲ. ಆದರೂ ಅಕ್ಕ ಅದನ್ನು ಮುಂದಿನ ಕೋಣೆಯಿಂದ ತೆಗೆಯಲಿಲ್ಲ. ಇದಕ್ಕೆ ಪೂರ್ತಿ ಮಾರ್ಕ್ಸ್.

ಮಾರಿದ್ದನ್ನು ಕಳಿಸುವುದೂ ನಮ್ಮದೇ ಕೆಲಸ. ಕೊಡಗಿಗೆ ರೈಲು ಇಲ್ಲವಲ್ಲ, ಎಲ್ಲವೂ ಕೊರಿಯರ್ ಇಲ್ಲವೇ ಬಸ್ ಪಾರ್ಸೆಲ್. ಗಾಜಿನ ಮೇಲೆ ಅಡ್ಡಡ್ಡ ಮಾಸ್ಕಿಂಗ್ ಟೇಪ್ ಹಾಕಬೇಕು. ಘಾಟಿ ತಿರುವಿನಲ್ಲಿ ಒಡೆದರೂ ಚೂರು ಚಿತ್ರವನ್ನು ಕೊಯ್ಯಬಾರದು. ಕ್ಯಾನ್ವಾಸ್ ಆದರೆ ಬಬಲ್ ರ‍್ಯಾಪ್ ನೇರವಾಗಿ ಬಣ್ಣಕ್ಕೆ ತಾಗಿಸಬಾರದು, ಗುಳ್ಳೆಯ ಗುರುತು ಮೂಡುತ್ತದೆ.

ಶನಿವಾರ ಮಕ್ಕಳ ಶಿಬಿರ. ಗದ್ದಲ ಅಂದರೆ ಗದ್ದಲ. ಪೇಟೆ ಮಕ್ಕಳು ಕಾರ್ಟೂನ್ ಬಿಡಿಸಿದರೆ, ತೋಟದ ಕಡೆಯ ಮಕ್ಕಳು ಹಲಸಿನ ಮರದ ಕೆಳಗೆ ನಿಂತ ಆನೆ, ಮುರಿದ ಬೇಲಿ, ಟಾರ್ಚ್ ಹಿಡಿದ ಅಪ್ಪ. ನೋಡಿದ್ದನ್ನೇ ಬಿಡಿಸುತ್ತಾರೆ. ಪಾಲೆಟ್ ತೊಳೆಯೋದು ಮಾತ್ರ ನಾವೇ.

ಈಗ ಬೈಗುಳ. ಸ್ಟೈಪೆಂಡ್ ಎಷ್ಟು ಅಂತ ಸೇರುವಾಗ ಯಾರೂ ಸರಿಯಾಗಿ ಹೇಳಲ್ಲ. 'ಏನೋ ಕೊಡ್ತೀವಿ ಬಿಡಮ್ಮ' ಅಂತಾರೆ. ಕೊನೆಗೆ ಸಿಕ್ಕಿದ್ದು ಬಸ್ ಚಾರ್ಜು, ಮಧ್ಯಾಹ್ನದ ಊಟಕ್ಕೆ ಸರಿಹೋಗುವಷ್ಟು, ಅದೂ ಮಳೆ ಹಿಡಿದ ಮೇಲೆ. ಊರಿನವರ ಗ್ಯಾಲರಿ, ಹಣ ಕಡಿಮೆ, ಒಪ್ಪುತ್ತೇನೆ. ಕಡಿಮೆ ಕೊಡಿ, ತೊಂದರೆ ಇಲ್ಲ, ಮೊದಲೇ ಹೇಳಿ ಅಷ್ಟೇ. ಸರ್ಟಿಫಿಕೇಟೂ ಅಷ್ಟೇ, 'ಭಾಗವಹಿಸಿದ್ದಾರೆ' ಅಂತ ಒಂದು ಸಾಲು. ಕಾಲೇಜಿನಲ್ಲಿ ಇಂಟರ್ನ್‌ಶಿಪ್ ಅಂತ ತೋರಿಸಬೇಕಾದರೆ ಏನು ಕೆಲಸ, ಎಷ್ಟು ಗಂಟೆ ಅಂತ ಕೇಳುತ್ತಾರೆ. ನೀವೇ ಒಂದು ಪುಸ್ತಕದಲ್ಲಿ ದಿನಾ ಬರೆದು ಅಕ್ಕನ ಸಹಿ ಹಾಕಿಸಿಕೊಳ್ಳಿ. ಕರೆಂಟ್ ಹೋದರೆ ಯುಪಿಎಸ್ ಇಲ್ಲ. ಮಳೆ ಜೋರಾದರೆ ನೆಟ್‌ವರ್ಕೂ ಇಲ್ಲ, ಗಿರಾಕಿ ಯುಪಿಐ ಮಾಡಲಾಗದೆ ಹಾಗೇ ಹೋಗಿದ್ದನ್ನು ನೋಡಿದ್ದೇನೆ.

ವಿರಾಜಪೇಟೆ, ನಾಪೋಕ್ಲು ಕಡೆಯವರು ಸಂಜೆಯ ಬಸ್ಸು ನೋಡಿಕೊಂಡು ಸೇರಿ. ಹೊಸ ಪ್ರದರ್ಶನದ ಹಿಂದಿನ ದಿನ ಕೆಲಸ ಕತ್ತಲಾಗುವವರೆಗೆ ಹೋಗುತ್ತದೆ, ಬೇಗ ಹೊರಡಬೇಕು ಅಂದರೆ ಯಾರೂ ಬೇಡ ಅನ್ನಲ್ಲ, ಆದರೆ ನೀವೇ ಬಾಯಿಬಿಟ್ಟು ಕೇಳಬೇಕು. ಫೋನ್ ಮಾಡಿ ಪ್ರಯೋಜನ ಇಲ್ಲ, ಎತ್ತುವುದಿಲ್ಲ. ಮಾರ್ಚ್ ಕೊನೆಯಲ್ಲಿ ನೇರವಾಗಿ ಹೋಗಿ ಮೇಷ್ಟ್ರನ್ನು ಕೇಳಿ. ಸೋಮವಾರ ರಜೆ.