ತಪ್ಪಿಹೋದ ‘ಮಗಳು ಜಾನಕಿ’: ಪ್ರೋಮೊ, ದೊಡ್ಡಮ್ಮ, ಮರುಪ್ರಸಾರ, ಆ್ಯಪ್ — ಯಾವುದರಿಂದ ಎಷ್ಟು ಸಿಕ್ಕಿತು

ಟಿ.ಎನ್. ಸೀತಾರಾಂ ಅವರ ಧಾರಾವಾಹಿಯ ಒಂದು ಕಂತು ತಪ್ಪಿದರೆ ಆಗುವ ನಷ್ಟವೇ ಬೇರೆ. ಎಷ್ಟೋ ಧಾರಾವಾಹಿಗಳನ್ನು ವಾರಗಟ್ಟಲೆ ಬಿಟ್ಟು ಬಂದರೂ ಕಥೆ ಬಿಟ್ಟ ಜಾಗದ ಆಸುಪಾಸಿನಲ್ಲೇ ಇರುತ್ತದೆ. ‘ಮಗಳು ಜಾನಕಿ’ ಹಾಗಲ್ಲ. ಅಧಿಕಾರ, ಪೊಲೀಸ್ ಇಲಾಖೆ, ದುಡ್ಡು, ಕೋರ್ಟು ಎಲ್ಲ ಒಂದಕ್ಕೊಂದು ಹೆಣೆದುಕೊಂಡ ಕಥೆ ಅದು. ಯಾರು ಯಾರ ಮುಂದೆ ಯಾವ ಮಾತು ಕೊಟ್ಟರು ಅನ್ನುವುದೇ ಅಲ್ಲಿ ಘಟನೆ. ಹಾಗಾಗಿ ತಪ್ಪಿದ್ದನ್ನು ತುಂಬಿಕೊಳ್ಳುವುದಕ್ಕೆ ‘ಏನಾಯ್ತು’ ಅಂತ ತಿಳಿದರೆ ಸಾಲದು, ‘ಹೇಗೆ ಹೇಳಿದರು’ ಅನ್ನುವುದೂ ಸಿಗಬೇಕು. 2018ರ ಜುಲೈನಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಶುರುವಾಗಿ 2020ರ ಲಾಕ್‌ಡೌನ್ ಹೊತ್ತಿಗೆ ನಿಂತುಹೋಗುವವರೆಗೆ ನಾನು ಇದ್ದಬದ್ದ ದಾರಿಗಳನ್ನೆಲ್ಲ ಬಳಸಿದ್ದೇನೆ. ಎಲ್ಲವನ್ನೂ ಅಳೆದದ್ದು ಇದೊಂದೇ ಗಜಕಡ್ಡಿಯಲ್ಲಿ.

ನಮ್ಮ ಮನೆಯಲ್ಲಿ ಕಂತು ತಪ್ಪುತ್ತಿದ್ದದ್ದೇ ಬಹಳ ಸಲ ನಿಜವಾದ ರಾಜಕಾರಣದಿಂದ. 2019ರ ಜುಲೈ 18ರ ಗುರುವಾರ ಕುಮಾರಸ್ವಾಮಿಯವರು ವಿಧಾನಸಭೆಯಲ್ಲಿ ವಿಶ್ವಾಸಮತದ ಪ್ರಸ್ತಾವ ಮಂಡಿಸಿದರು. ಅಲ್ಲಿಂದ ರಿಮೋಟು ಅಪ್ಪನ ಕೈಬಿಟ್ಟು ಅಲ್ಲಾಡಲಿಲ್ಲ. ಸೋಮವಾರ 22ರಂದು ಸದನ ನಡುರಾತ್ರಿಯ ಹತ್ತಿರದವರೆಗೂ ನಡೆಯಿತು. ಮರುದಿನ ಸಂಜೆ 99ಕ್ಕೆ 105 ಮತಗಳಿಂದ ಸರ್ಕಾರ ಬಿತ್ತು. ಆಗ ಸಭಾಧ್ಯಕ್ಷರ ಪೀಠದಲ್ಲಿದ್ದ ರಮೇಶ್ ಕುಮಾರ್ ಅವರು ಹಿಂದೊಮ್ಮೆ ಇದೇ ಸೀತಾರಾಂ ಅವರ ಧಾರಾವಾಹಿಗೆ ಬಣ್ಣ ಹಚ್ಚಿದವರು. ಅಪ್ಪನಿಗೆ ಅದು ಚೆನ್ನಾಗಿ ನೆನಪಿತ್ತು. “ನಿನ್ನ ಸೀರಿಯಲ್ಲೇ ಇಲ್ಲಿ ಲೈವ್ ಬರ್ತಿದೆಯಲ್ಲಮ್ಮ, ಇದನ್ನೇ ನೋಡು” ಅಂದರು. ನೋಡಿದೆ, ಕಣ್ಣು ಕೀಳದೆ ನೋಡಿದೆ. ಆದರೆ ಜಾನಕಿಯ ಕಂತುಗಳ ಬಾಕಿ ಹಾಗೇ ಉಳಿಯಿತು.

ಮೊದಲು ಕಣ್ಣಿಗೆ ಬೀಳುವುದು ಪ್ರೋಮೊಗಳು. ಫೇಸ್‌ಬುಕ್ಕು, ಯೂಟ್ಯೂಬಿನಲ್ಲಿ ಒಂದು ನಿಮಿಷವೂ ಇಲ್ಲದ ತುಣುಕು. ಕಂತು ತಪ್ಪಿದವರು ಇವನ್ನು ನೋಡಲೇಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಪ್ರೋಮೊ ಮಾಡುವುದು ನಾಳೆ ನಮ್ಮನ್ನು ಕೂರಿಸುವುದಕ್ಕೆ, ನಿನ್ನೆಯದನ್ನು ತಿಳಿಸುವುದಕ್ಕಲ್ಲ. ಸಿಟ್ಟಿನ ಮುಖ, ಬೆಚ್ಚಿದ ಮುಖ, ಹಿನ್ನೆಲೆ ಸಂಗೀತ, ಇಷ್ಟರಲ್ಲಿ ಮಾತಿನ ಮೊದಲರ್ಧ ಹಾರಿಹೋಗಿರುತ್ತದೆ. ಒಂದು ಷರತ್ತು ಹಾಕಿ ಆಡಿದ ಮಾತು ಷರತ್ತು ಕಳಚಿಕೊಂಡು ಬಂದಾಗ ಒಪ್ಪಿಗೆಯಂತೆಯೇ ಕೇಳಿಸುತ್ತದೆ. ಆಮೇಲೆ ಪೂರ್ತಿ ಕಂತು ನೋಡುವಾಗಲೂ ಆ ಮೊದಲ ಅನಿಸಿಕೆ ತಲೆಯಿಂದ ಇಳಿಯುವುದಿಲ್ಲ.

ಮರುದಿನದ ಕಂತಿನ ಮೊದಲು ಬರುವ ಹಿಂದಿನ ಸಂಚಿಕೆಯ ಚೂರು ಇದಕ್ಕಿಂತ ವಾಸಿ. ಅದು ಕಥೆಯ ಕೊಂಡಿಯನ್ನು ಪ್ರಾಮಾಣಿಕವಾಗಿ ಜೋಡಿಸುತ್ತದೆ. ಆದರೆ ಅಂದಿನ ಕಂತಿಗೆ ಬೇಕಾದ ಎಳೆಯನ್ನು ಮಾತ್ರ ಆರಿಸಿಕೊಳ್ಳುತ್ತದೆ. ಉಳಿದ ಎರಡು ಎಳೆಗಳಲ್ಲಿ ಏನಾಯಿತು ಅನ್ನುವುದು, ಅವು ಮತ್ತೆ ಬರುವವರೆಗೂ ತಿಳಿಯದು.

ಇನ್ನು ದೊಡ್ಡಮ್ಮ. ತಿಪಟೂರಿನಲ್ಲಿರುವ ನಮ್ಮ ದೊಡ್ಡಮ್ಮ ‘ಮಾಯಾಮೃಗ’ದ ಕಾಲದಿಂದ ಸೀತಾರಾಂ ಅವರ ಒಂದು ಧಾರಾವಾಹಿಯನ್ನೂ ಬಿಟ್ಟವರಲ್ಲ. ದೂರದರ್ಶನದಲ್ಲಿ ‘ಮಾಯಾಮೃಗ’ ಬರುತ್ತಿದ್ದ 1998ರ ಹೊತ್ತಿನಲ್ಲಿ ತಪ್ಪಿದ ಕಂತಿಗೆ ಇದ್ದ ದಾರಿ ಇದೊಂದೇ: ನೋಡಿದವರ ಬಾಯಿ. ಬಾವಿಕಟ್ಟೆಯ ಹತ್ತಿರವೋ ಬಸ್‌ಸ್ಟ್ಯಾಂಡಿನಲ್ಲೋ ಒಬ್ಬರು ಹೇಳಿದರೆ ನಾಲ್ಕು ಜನ ಕೇಳುತ್ತಿದ್ದರಂತೆ. ದೊಡ್ಡಮ್ಮನಿಗೆ ಆ ಅಭ್ಯಾಸ ಇನ್ನೂ ಇದೆ. ಬೆಳಗ್ಗೆ ಫೋನ್ ಮಾಡಿ “ದೊಡ್ಡಮ್ಮ, ನಿನ್ನೆ ನೋಡಕ್ಕಾಗ್ಲಿಲ್ಲ” ಅಂದರೆ ಸಾಕು. “ಅಯ್ಯೋ, ನಿನ್ನೇದೇ ತಪ್ಪಿಸ್ಕೊಂಡ್ಯಲ್ಲೇ! ಇರು, ಒಲೆ ಸಣ್ಣಗೆ ಮಾಡಿ ಬರ್ತೀನಿ” ಅಂದು ಕೂತರೆಂದರೆ ಇಪ್ಪತ್ತು ನಿಮಿಷದ ಕಂತು ನಲವತ್ತು ನಿಮಿಷ ಆಗುತ್ತದೆ. ಅದರಲ್ಲಿ ಅರ್ಧ ಕಥೆ, ಅರ್ಧ ತೀರ್ಪು.

ಈ ತೀರ್ಪಿನಲ್ಲೇ ದೊಡ್ಡಮ್ಮನ ಬಲವೂ ಇದೆ, ತೊಡಕೂ ಇದೆ. ಬಲ ಏನೆಂದರೆ, ನೂರಾರು ಕಂತುಗಳ ಹಿಂದೆ ಒಬ್ಬ ಪಾತ್ರ ಆಡಿದ ಮಾತು ಅವರಿಗೆ ಅಕ್ಷರಶಃ ನೆನಪಿರುತ್ತದೆ. “ಅವತ್ತು ಹಂಗಂದಿದ್ನಲ್ಲ, ಇವತ್ತು ಹಿಂಗಂತಾನೆ ನೋಡು” ಅಂತ ಎರಡನ್ನೂ ಪಕ್ಕಪಕ್ಕ ಇಡುತ್ತಾರೆ. ರಾಜಕೀಯದ ಕಥೆಗೆ ಬೇಕಾದ್ದೇ ಈ ನೆನಪು, ಅದನ್ನು ಯಾವ ಆ್ಯಪೂ ಕೊಡುವುದಿಲ್ಲ. ತೊಡಕು ಏನೆಂದರೆ ದೊಡ್ಡಮ್ಮನಿಗೆ ಪಕ್ಷ ಇದೆ. ವಕೀಲ ಸಿಎಸ್‌ಪಿ, ಅಂದರೆ ಸೀತಾರಾಂ ಅವರೇ ಮಾಡುವ ಪಾತ್ರ, ಅವರ ದೃಷ್ಟಿಯಲ್ಲಿ ಎಂದೂ ಸೋಲುವುದಿಲ್ಲ. “ಎದುರಿನೋನ ಬಾಯಿ ಮುಚ್ಚಿಸಿಬಿಟ್ರು ಕಣೆ” ಅಂತ ಒಂದು ದಿನ ಅವರು ಹೇಳಿದ ಕೋರ್ಟಿನ ಕಂತನ್ನು ಆಮೇಲೆ ನಾನೇ ನೋಡಿದೆ. ಎದುರಿನ ವಕೀಲನೂ ಸರಿಯಾಗಿಯೇ ವಾದ ಮಾಡಿದ್ದ. ಅವನ ಆಕ್ಷೇಪಣೆಗೆ ತೂಕವಿತ್ತು, ನ್ಯಾಯಾಧೀಶರು ಅದನ್ನು ಬರೆದುಕೊಂಡಿದ್ದೂ ತೋರಿಸಿದ್ದರು. ದೊಡ್ಡಮ್ಮನ ವರದಿಯಲ್ಲಿ ಅದು ಬಂದೇ ಇರಲಿಲ್ಲ. ಸೀತಾರಾಂ ಸ್ವತಃ ವಕೀಲಿಕೆ ಮಾಡಿದವರು. ಎರಡೂ ಕಡೆಗೆ ಜೀವ ಇಟ್ಟು ಬರೆಯುತ್ತಾರೆ. ಹೇಳಿ ಕೇಳಿದ ಕಥೆಯಲ್ಲಿ ಒಂದು ಕಡೆ ಮಾತ್ರ ಉಳಿಯುತ್ತದೆ.

ಹಗಲು ಹೊತ್ತಿನ ಮರುಪ್ರಸಾರದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕಂತು ಪೂರ್ತಿ ಸಿಗುತ್ತದೆ, ದುಡ್ಡಿಲ್ಲ, ಡೇಟಾ ಬೇಡ. ಮನೆಯಲ್ಲಿರುವವರಿಗೆ ಇದಕ್ಕಿಂತ ಸುಲಭ ಇನ್ನೊಂದಿಲ್ಲ, ಕೆಲಸಕ್ಕೆ ಹೋಗುವವರ ಕೈಗೆ ಇದು ಸಿಗುವುದಿಲ್ಲ. ಸೆಟ್‌ಟಾಪ್ ಬಾಕ್ಸಿಗೆ ಪೆನ್‌ಡ್ರೈವ್ ಸಿಕ್ಕಿಸಿ ರೆಕಾರ್ಡಿಂಗಿಗೆ ಟೈಮ್ ಇಟ್ಟೂ ನೋಡಿದೆ. ಕರೆಂಟ್ ಹೋದ ದಿನ ಏನೂ ಇಲ್ಲ. ಇದ್ದ ದಿನ, ಕಾರ್ಯಕ್ರಮ ಸ್ವಲ್ಪ ತಡವಾಗಿ ಶುರುವಾದರೆ ಕೊನೆಯ ಎರಡು ನಿಮಿಷ ಕತ್ತರಿಸಿಹೋಗುತ್ತಿತ್ತು. ಕಂತಿನ ಗಂಟು ಬೀಳುವುದೇ ಆ ಎರಡು ನಿಮಿಷದಲ್ಲಿ. ಮುಗಿಯುವ ಹೊತ್ತನ್ನು ಹತ್ತು ನಿಮಿಷ ಮುಂದಕ್ಕೆ ಇಟ್ಟ ಮೇಲೆ ಸರಿಹೋಯಿತು.

ವಾಹಿನಿಯ ಆ್ಯಪ್ ಆಗ ವೂಟ್ ಆಗಿತ್ತು. 2023ರಲ್ಲಿ ಅದು ಜಿಯೋಸಿನಿಮಾದೊಳಗೆ ಸೇರಿತು, 2025ರ ಫೆಬ್ರವರಿಯಿಂದ ಜಿಯೋಹಾಟ್‌ಸ್ಟಾರ್. ಆ್ಯಪಿನಲ್ಲಿ ಪೂರ್ತಿ ಕಂತು ಸಿಗುವುದಷ್ಟೇ ಅಲ್ಲ, ನಿಲ್ಲಿಸಬಹುದು, ಹಿಂದಕ್ಕೆ ಎಳೆಯಬಹುದು. ಇದರ ಬೆಲೆ ನನಗೆ ತಿಳಿದದ್ದು ಪಾಟೀಸವಾಲಿನ ದೃಶ್ಯಗಳಲ್ಲಿ. ಸಿಎಸ್‌ಪಿ ದನಿ ಏರಿಸುವವರಲ್ಲ. ಮೊದಲಿಗೆ ಸಾಕ್ಷಿ ಸುಲಭವಾಗಿ ‘ಹೌದು’ ಅನ್ನಬಹುದಾದ ಪ್ರಶ್ನೆಗಳು, ಊರು, ಕೆಲಸ, ಹೊತ್ತು ಇಂಥವು. ಪ್ರತಿ ‘ಹೌದು’ ಒಂದೊಂದು ಬಾಗಿಲನ್ನು ಮುಚ್ಚುತ್ತಿದೆ ಅನ್ನುವುದು ಸಾಕ್ಷಿಗೂ ಗೊತ್ತಾಗುವುದಿಲ್ಲ, ಟಿ.ವಿ. ಮುಂದೆ ಕೂತ ನಮಗೂ ಗೊತ್ತಾಗುವುದಿಲ್ಲ. ಕೊನೆಯ ಪ್ರಶ್ನೆ ಬಿದ್ದಾಗ ಅವನಿಗೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಅಲ್ಲಿ ನಿಲ್ಲಿಸಿ, ಮೊದಲ ಪ್ರಶ್ನೆಗೆ ಹಿಂತಿರುಗಿ ಮತ್ತೆ ನೋಡಿದರೆ ಪ್ರಶ್ನೆಗಳ ಕಟ್ಟಡ ಪೂರ್ತಿ ಕಾಣುತ್ತದೆ. ಗಾನವಿ ಲಕ್ಷ್ಮಣ್ ಅವರ ಜಾನಕಿ ಉತ್ತರ ಕೊಡುವ ಮುಂಚೆ ಸುಮ್ಮನೆ ನಿಲ್ಲುವ ಆ ಕ್ಷಣವೂ ಎರಡನೇ ಸಲಕ್ಕೇ ನನಗೆ ಸರಿಯಾಗಿ ಕಂಡದ್ದು. ಇಷ್ಟರ ಮಟ್ಟಿಗೆ, ಹೊತ್ತಿಗೆ ಸರಿಯಾಗಿ ಕೂತು ನೋಡಿದ್ದಕ್ಕಿಂತ ತಪ್ಪಿಸಿಕೊಂಡು ಆ್ಯಪಿನಲ್ಲಿ ನೋಡಿದ ಕಂತುಗಳೇ ನನಗೆ ಹೆಚ್ಚು ಒಳಗಿಳಿದಿವೆ.

ಆದರೂ ಬರೀ ಆ್ಯಪ್ ಸಾಕು ಅನ್ನಲಾರೆ. ಇಂಥ ಕಥೆಯನ್ನು ನೋಡುವುದು ಅದರ ಬಗ್ಗೆ ಮಾತಾಡುವುದಕ್ಕೂ ಹೌದು. ಸೀತಾರಾಂ ಅವರೇ ಹಿಂದೆ ಊರೂರಿಗೆ ಹೋಗಿ ಪ್ರೇಕ್ಷಕರನ್ನು ಕೂರಿಸಿಕೊಂಡು ಸಂವಾದ ನಡೆಸುತ್ತಿದ್ದರು. ಒಬ್ಬರೇ ಇಯರ್‌ಫೋನ್ ಹಾಕಿಕೊಂಡು ಬಸ್ಸಿನಲ್ಲಿ ನೋಡಿ ಮುಗಿಸಿದರೆ ಆ ಅರ್ಧ ತಪ್ಪಿಹೋಗುತ್ತದೆ.

ಹಾಗಾಗಿ ನಾನು ಕಂಡುಕೊಂಡ ಕ್ರಮ ಹೀಗಿದೆ. ಪ್ರೋಮೊ ಬಂದರೆ ಮೇಲಕ್ಕೆ ತಳ್ಳಿಬಿಡುವುದು. ಮೊದಲು ಕಂತನ್ನು ಪೂರ್ತಿ ನೋಡುವುದು, ಮರುಪ್ರಸಾರವಾದರೂ ಸರಿ, ಆ್ಯಪಾದರೂ ಸರಿ. ಕೋರ್ಟಿನ ದೃಶ್ಯವಿದ್ದರೆ ಅದೊಂದನ್ನು ಇನ್ನೊಮ್ಮೆ ನೋಡುವುದು. ಆಮೇಲೆ ದೊಡ್ಡಮ್ಮನಿಗೆ ಫೋನು. ಮೊದಲೇ ಅವರಿಂದ ಕೇಳಿಬಿಟ್ಟರೆ ಅವರ ಕಣ್ಣಲ್ಲೇ ನೋಡುತ್ತೇನೆ. ನೋಡಿದ ಮೇಲೆ ಮಾತಾಡಿದರೆ ಎದುರಿನ ವಕೀಲನ ಪರವಾಗಿ ನಾಲ್ಕು ಮಾತು ಆಡುವ ಧೈರ್ಯ ನನಗೂ ಇರುತ್ತದೆ, ಅವರಿಗೂ ವಾದಕ್ಕೊಬ್ಬರು ಸಿಕ್ಕಂತಾಗುತ್ತದೆ. ಮೂರ್ನಾಲ್ಕು ಕಂತು ಒಟ್ಟಿಗೆ ತಪ್ಪಿದ್ದರೆ ಮಾತ್ರ ಈ ಕ್ರಮ ತಿರುವುಮುರುವು: ಯಾವ ದಿನದ್ದು ನೋಡಲೇಬೇಕು ಅಂತ ಮೊದಲು ದೊಡ್ಡಮ್ಮನನ್ನೇ ಕೇಳಿ, ಆ ಕಂತಿನಿಂದ ಶುರು ಮಾಡುತ್ತೇನೆ. ವಿಶ್ವಾಸಮತದ ಆ ವಾರದ ಬಾಕಿಯನ್ನು ತೀರಿಸಿದ್ದೂ ಹಾಗೆಯೇ. ಸೋಮವಾರದ್ದನ್ನು ಬಿಡಬೇಡ ಅಂದಿದ್ದರು.