ಊಟಕ್ಕೆ ಪೂರ್ತಿ ಮಾರ್ಕ್ಸ್, ರಿಜಿಸ್ಟರಿಗೆ ಇಲ್ಲ: ಮಡಿಕೇರಿಯ ಒಂದು ಉಚಿತ ಊಟ-ವಸತಿ ಬಗ್ಗೆ

ಜುಲೈ ಕೊನೆಯಲ್ಲಿ ಅವ್ವ ಅಂಗಳದ ಪಾಚಿ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಡಿಕೇರಿಯಲ್ಲಿ ಹನ್ನೊಂದು ದಿನ ಆಸ್ಪತ್ರೆ. ನಮ್ಮ ಮನೆ ನಾಪೋಕ್ಲು ಕಡೆ. ಕಕ್ಕಡ ತಿಂಗಳ (ಕೊಡಗಿನ ಲೆಕ್ಕದಲ್ಲಿ ಜುಲೈ-ಆಗಸ್ಟ್) ಮಳೆಯಲ್ಲಿ ದಿನಾ ಹೋಗಿ ಬರುವುದು ಆಗದ ಮಾತು, ಹೊಳೆ ರಸ್ತೆಗೆ ಬಂದರೆ ಬಸ್ಸೇ ಇಲ್ಲ. ವಾರ್ಡ್‌ನಲ್ಲಿ ರೋಗಿ ಜೊತೆ ಒಬ್ಬರಿಗೆ ಮಾತ್ರ ಜಾಗ. ನಾನು ಮತ್ತು ತಮ್ಮ ಸರದಿ ಮೇಲೆ ಇದ್ದೆವು. ಲಾಡ್ಜ್ ಕೇಳಿದರೆ ಎಲ್ಲಾ ಟೂರಿಸ್ಟ್ ರೇಟು. ಆಗ ವಾರ್ಡಿನ ಸಿಸ್ಟರ್ ಒಬ್ಬರು, "ಕೆಳಗೆ ಒಂದು ಟ್ರಸ್ಟಿನವರು ಊಟ ಕೊಡ್ತಾರೆ, ಮಲಗಲಿಕ್ಕೂ ಜಾಗ ಉಂಟು, ಹೋಗಿ ನೋಡಿ" ಅಂದರು. ಹೋದೆ. ಹನ್ನೊಂದು ದಿನ ಅಲ್ಲೇ ಉಂಡೆ, ಅಲ್ಲೇ ಮಲಗಿದೆ. ಅದರ ಬಗ್ಗೆ ಇದು.

ಟ್ರಸ್ಟಿನ ಹೆಸರು ಹಾಕುವುದಿಲ್ಲ. ಅಡುಗೆಯವರಿಗೆ ತೊಂದರೆ ಆಗಬಾರದು. ಯಾವ ಧರ್ಮದವರು ಅಂತಲೂ ಹೇಳುವುದಿಲ್ಲ. ಹೇಳಿದರೆ ಮಾತೆಲ್ಲ ಆ ಕಡೆಗೇ ಹೋಗುತ್ತದೆ. ಯಾವ ಧರ್ಮದವರೇ ನಡೆಸಿದ್ದರೂ ನಾನು ಇದನ್ನೇ ಬರೆಯುತ್ತಿದ್ದೆ.

ಮೊದಲು ಊಟ. ಮಧ್ಯಾಹ್ನ ಅನ್ನ, ಸಾರು, ಒಂದು ಪಲ್ಯ, ಮಜ್ಜಿಗೆ. ರಾತ್ರಿ ಬಿಸಿ ಗಂಜಿ, ಹೆಸರುಕಾಳು, ಉಪ್ಪಿನಕಾಯಿ. ನೋಡಲಿಕ್ಕೆ ಸಾದಾ, ಆದರೆ ಸಾರಿಗೆ ನೀರು ಸುರಿದು ಹೆಚ್ಚು ಮಾಡುವುದಿಲ್ಲ, ಅನ್ನ ಎರಡನೇ ಸಲ ಕೇಳಿದರೆ ಮುಖ ನೋಡುವುದಿಲ್ಲ. ಒಂದು ದಿನ ಬೈಂಬಳೆ ಪಲ್ಯ ಮಾಡಿದ್ದರು. ಕಣಿಲೆಯನ್ನು ಹೆಚ್ಚಿ, ನೀರು ಬದಲಿಸಿ ಬದಲಿಸಿ ನೆನೆಸಿ ಕಹಿ ತೆಗೆಯುವುದು ಎಷ್ಟು ಕೆಲಸ ಅಂತ ಮಾಡಿದವರಿಗೇ ಗೊತ್ತು. ಅದನ್ನು ಸುಮಾರು ಎಂಬತ್ತು ಜನಕ್ಕೆ ಮಾಡಿ ಬಡಿಸಿದ್ದಾರೆ, ಬಿಟ್ಟಿ. ತಟ್ಟೆ ಬಿಸಿನೀರಲ್ಲಿ ತೊಳೆದದ್ದು. ಕುಡಿಯುವ ನೀರು ಕುದಿಸಿದ್ದು. ಮಲಗುವ ಹಾಲ್‌ನಲ್ಲಿ ಹೆಂಗಸರಿಗೆ ಬೇರೆ ಕೋಣೆ, ಒಳಗಿಂದ ಚಿಲಕ ಇದೆ. ಕಂಬಳಿಗೆ ವಾಸನೆ ಇಲ್ಲ. ಎಲ್ಲಕ್ಕಿಂತ ನನಗೆ ಉಪಕಾರ ಆಗಿದ್ದು ಅಡುಗೆಮನೆ ಒಲೆಯ ಮೇಲೆ ಕಟ್ಟಿದ ತಂತಿ. ಆ ತಿಂಗಳಲ್ಲಿ ಇಲ್ಲಿ ಬಟ್ಟೆ ಒಣಗುವುದಿಲ್ಲ, ವಾರಗಟ್ಟಲೆ ಒದ್ದೆಯಲ್ಲೇ ಇರಬೇಕು. ಅಡುಗೆ ಮಾಡುವ ಅಕ್ಕ ಕೇಳದೇನೇ ನನ್ನ ಸ್ವೆಟರ್ ತೆಗೆದುಕೊಂಡು ಹೋಗಿ ಅಲ್ಲಿ ಹಾಕಿದರು.

ಆಗಸ್ಟ್ 3, ಕಕ್ಕಡ ಹದಿನೆಂಟು. ಮನೆಯಲ್ಲಿ ಇದ್ದಿದ್ದರೆ ಮದ್ದುಸೊಪ್ಪು ತಂದು ಪಾಯಸ ಮಾಡುತ್ತಿದ್ದೆವು. ಈ ಸಲ ತಪ್ಪಿತು ಅಂದುಕೊಂಡಿದ್ದೆ. ಮಧ್ಯಾಹ್ನ ಊಟಕ್ಕೆ ಕೂತರೆ, ಆ ಕಡು ನೇರಳೆ ಬಣ್ಣದ ಪಾಯಸ! ಅಕ್ಕ ಬೆಳಗ್ಗೆ ಬೇಗ ಎದ್ದು ಬೇಲಿ ಬದಿಯಿಂದ ಸೊಪ್ಪು ತಂದು ಕುದಿಸಿ ರಸ ತೆಗೆದು ಮಾಡಿದ್ದರು. ಹದಿನೆಂಟು ಮದ್ದು ಆ ಸೊಪ್ಪಿನಲ್ಲಿ ಆ ದಿನ ಸೇರುತ್ತದೆ ಅಂತ ನಮ್ಮ ಕಡೆ ನಂಬಿಕೆ. ಕೊಡಗಿನಲ್ಲಿ ಅದನ್ನು ಇಂಥವರೇ ತಿನ್ನಬೇಕು ಅಂತ ಇಲ್ಲ. ಎಲ್ಲ ಜಾತಿಯವರು, ಎಲ್ಲ ಧರ್ಮದವರು ತಿನ್ನುತ್ತಾರೆ. ಅದಕ್ಕೆ ದೇವರ ಹೆಸರು ಬೇಡ. ಒಂದು ಗಿಡ, ಒಂದು ದಿನ, ಒಂದು ಮಳೆ, ಅಷ್ಟೇ. ಆ ದಿನ ಹಾಲ್‌ನಲ್ಲಿ ಎಷ್ಟು ಖುಷಿ ಇತ್ತು ಅಂದ್ರೆ, ಆಪರೇಷನ್ ಆಗಬೇಕಾದವರ ಮನೆಯವರೂ ನಕ್ಕರು.

ಈಗ ಬೇಜಾರಿನ ವಿಷಯ.

ಮೊದಲನೇ ದಿನ ಟೋಕನ್ ಕೊಡುವಲ್ಲಿ ರಿಜಿಸ್ಟರ್ ಇಟ್ಟಿದ್ದರು. ಹೆಸರು, ಊರು, ರೋಗಿಯ ಹೆಸರು, ವಾರ್ಡ್. ಸರಿ, ಬೇಕು. ಆಮೇಲೆ ಇನ್ನೊಂದು ಕಾಲಂ: ಧರ್ಮ. ನಾನು ಪೇಗನ್ ಅಂತ ಬರೆದೆ. ಅಲ್ಲಿ ಕೂತಿದ್ದ ಹುಡುಗ, "ಅಂದ್ರೆ ಏನಕ್ಕ? ಇಷ್ಟರಲ್ಲಿ ಒಂದು ಹೇಳಿ" ಅಂತ ಪಟ್ಟಿ ತೋರಿಸಿದ.

ಪೇಗನ್ ಅಂದರೆ ಏನು ಅಂತ ಇಲ್ಲಿ ಹೇಳಿಬಿಡುತ್ತೇನೆ. ಲ್ಯಾಟಿನ್‌ನ ಪಗಾನುಸ್ ಅನ್ನುವ ಪದದಿಂದ ಬಂದದ್ದು, ಮೂಲದಲ್ಲಿ ಹಳ್ಳಿಯವನು ಅಂತ ಅರ್ಥ. ಪೇಟೆಯವರು ಹೊಸ ಧರ್ಮಕ್ಕೆ ಹೋದ ಮೇಲೆ, ಹೊಳೆ, ಮರ, ಹಿರಿಯರು ಅಂತ ಹಳೇ ನಡೆ ಬಿಡದೇ ಇದ್ದವರ ಮೇಲೆ ಆ ಹೆಸರು ಕೂತಿತು. ಮೈಸೂರಿನಲ್ಲಿ ಓದುವಾಗ ಯುರೋಪಿನ ಇಂಥ ಜನರ ಬಗ್ಗೆ ಓದಿದೆ. ಓದುತ್ತಾ ಓದುತ್ತಾ ನಮ್ಮ ಐನ್‌ಮನೆಯೇ ಕಣ್ಣ ಮುಂದೆ ಬಂತು, ಅಂದರೆ ನಮ್ಮ ಕುಟುಂಬದ ಮೂಲ ಮನೆ. ನೆಲ್ಲಕ್ಕಿಯ (ನಡುಮನೆಯ) ದೀಪ, ಹಿರಿಯರ ಗುಡಿಯಾದ ಕೈಮಡ, ವರ್ಷಕ್ಕೊಮ್ಮೆ ಕಾರಣರಿಗೆ, ಅಂದರೆ ತೀರಿಕೊಂಡ ಹಿರಿಯರಿಗೆ, ಮೀದಿ (ಎಡೆ) ಇಡುವುದು, ಕಾವೇರಿ, ದೇವರಿಗೆ ಅಂತ ಬಿಟ್ಟ ದೇವರಕಾಡು. ಅವತ್ತಿಂದ ಯಾರಾದರೂ ಕೇಳಿದರೆ ಪೇಗನ್ ಅನ್ನುತ್ತೇನೆ. ನಮ್ಮೂರಲ್ಲಿ ಎಲ್ಲರೂ ಹಾಗೆ ಅಂತ ಹೇಳುತ್ತಿಲ್ಲ, ನನ್ನ ತಮ್ಮನೇ ಒಪ್ಪುವುದಿಲ್ಲ. ಇದು ನನ್ನ ಮಾತು.

ನನ್ನ ವಿಷಯ ಬಿಡಿ, ನಾನು ವಾದ ಮಾಡಬಲ್ಲೆ. ನನ್ನ ಹಿಂದೆ ನಾಗರಹೊಳೆ ಕಡೆಯ ಹಾಡಿಯಿಂದ ಬಂದ ಒಬ್ಬ ಅಜ್ಜಿ ಇದ್ದರು. ಮಗನಿಗೆ ಜ್ವರ ಏರಿ ಅಡ್ಮಿಟ್ ಮಾಡಿದ್ದರು. ಧರ್ಮ ಕೇಳಿದಾಗ "ನಾವು ಜೇನುಕುರುಬರು" ಅಂದರು. ಅದು ಜಾತಿ, ಧರ್ಮ ಹೇಳಿ ಅಂದ ಹುಡುಗ. ಅಜ್ಜಿ ಸುಮ್ಮನೆ ನಿಂತರು. ಇನ್ನೇನೋ ತಪ್ಪು ಮಾಡಿದೆ, ಊಟ ಕೊಡುವುದಿಲ್ಲ ಅಂತ ಹೆದರಿದ ಹಾಗೆ ನಿಂತರು. ಕೊನೆಗೆ ಹುಡುಗ ತಾನೇ ಏನೋ ಬರೆದ. ಒಂದು ಕಾಡಿನ ತುಂಬಾ ದೇವರು ಇರುವ ಮನುಷ್ಯರಿಗೆ, ಊಟದ ಸಾಲಿನಲ್ಲಿ ಅರ್ಧ ನಿಮಿಷದಲ್ಲಿ ಬೇರೆ ಯಾರೋ ಧರ್ಮ ಬರೆದುಕೊಟ್ಟರು. ನನಗೆ ಅವತ್ತು ಗಂಜಿ ಗಂಟಲಲ್ಲಿ ಇಳಿಯಲಿಲ್ಲ.

ಎರಡನೇದು ಪ್ರಾರ್ಥನೆ. ಹನ್ನೆರಡೂವರೆಗೆ ಬಾಗಿಲು ಹಾಕುತ್ತಾರೆ, ಹತ್ತು ನಿಮಿಷ ಪ್ರಾರ್ಥನೆ, ಎಲ್ಲರೂ ಎದ್ದು ನಿಂತು ಹೇಳಬೇಕು, ಮುಗಿದ ಮೇಲೆ ಬಡಿಸುವುದು. ತಡವಾಗಿ ಬಂದರೆ ಹೊರಗೆ ಮಳೆಯಲ್ಲಿ. ಒಂದು ಗಂಟೆಗೆ ಮಾತ್ರೆ ಕೊಡಬೇಕಾದವರು, ಸ್ಕ್ಯಾನಿಂಗ್‌ಗೆ ಕರೆದೊಯ್ಯಬೇಕಾದವರು ಗಡಿಯಾರ ನೋಡುತ್ತಾ ತುಟಿ ಆಡಿಸುತ್ತಾರೆ. ಅಸ್ಸಾಂನಿಂದ ಬಂದು ಎಸ್ಟೇಟಿನ ಲೈನ್ ಮನೆಯಲ್ಲಿ ಇರುವ ಒಬ್ಬ ಹುಡುಗ, ಹೆಂಡತಿಯ ಹೆರಿಗೆಗೆ ಬಂದಿದ್ದವನು, ಎರಡನೇ ದಿನದಿಂದ ಬರಲೇ ಇಲ್ಲ. ಟೀ ಅಂಗಡಿ ಹತ್ತಿರ ಬನ್ ತಿನ್ನುತ್ತಿದ್ದ. ಯಾಕೆ ಅಂತ ಕೇಳಿದೆ. "ಅವರ ಪ್ರಾರ್ಥನೆ ನನಗೆ ಬರುವುದಿಲ್ಲ, ತಪ್ಪು ಹೇಳಿದರೆ ಬೈತಾರೆ" ಅಂದ. ಯಾರೂ ಬೈದಿರಲಿಲ್ಲ. ಆದರೆ ಅವನಿಗೆ ಹಾಗೆ ಅನಿಸಿದ್ದು ಸಾಕು.

ಜಾಗ ಸರ್ಕಾರದ್ದು ಅಂತ ಬೋರ್ಡಿನಲ್ಲೇ ಇದೆ. ಅದಕ್ಕೇ ನನಗೆ ಸಿಟ್ಟು ಜಾಸ್ತಿ. ಸಂವಿಧಾನದ 27ನೇ ವಿಧಿ, ಯಾವುದೇ ಒಂದು ಧರ್ಮವನ್ನು ಬೆಳೆಸಲಿಕ್ಕೆ ಅಂತಲೇ ತೆಗೆದಿಡುವ ತೆರಿಗೆಯನ್ನು ಕಟ್ಟುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ ಅನ್ನುತ್ತದೆ. 28ನೇ ವಿಧಿ ಶಾಲೆಗಳ ಬಗ್ಗೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ, ಒಪ್ಪಿಗೆ ಇಲ್ಲದೆ ಯಾರನ್ನೂ ಪ್ರಾರ್ಥನೆಗೆ ಕೂರಿಸುವಂತಿಲ್ಲ, ಚಿಕ್ಕ ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ಶಾಲೆಯ ಮಗುವಿಗೆ ಕೊಟ್ಟ ಆ ಮರ್ಯಾದೆ ಹಸಿದು ನಿಂತ ಅಜ್ಜಿಗೆ ಬೇಡವಾ? ಕಾನೂನಿನ ಪ್ರಕಾರ ಈ ಟ್ರಸ್ಟ್ ತಪ್ಪು ಮಾಡಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಹಸಿದವರಿಗೆ ಬೇಡ ಅನ್ನುವ ಧೈರ್ಯ ಮಗುವಿಗಿಂತ ಕಡಿಮೆ ಇರುತ್ತದೆ, ಅಲ್ವಾ.

ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ಏನಾಗುತ್ತದೆ ಅಂತ ಕೊಡಗಿನವರಿಗೆ ಅರ್ಥ ಆಗುವ ಒಂದು ಸಂಗತಿ ಇದೆ. ನಮ್ಮಲ್ಲಿ ಮನೆಗೊಬ್ಬರು ಸೈನ್ಯದಲ್ಲಿ ಇದ್ದವರು. ಅಮೆರಿಕದಲ್ಲಿ ಸತ್ತ ಸೈನಿಕರ ಸಮಾಧಿ ಕಲ್ಲಿನ ಮೇಲೆ ಅವರ ಧರ್ಮದ ಗುರುತನ್ನು ಸರ್ಕಾರವೇ ಕೆತ್ತಿಸಿ ಕೊಡುತ್ತದೆ. ಅದಕ್ಕೆ ಒಂದು ಪಟ್ಟಿ. ಪೇಗನ್ ಸೈನಿಕರ ಐದು ಮೂಲೆಯ ನಕ್ಷತ್ರ ಆ ಪಟ್ಟಿಯಲ್ಲಿ ಇರಲಿಲ್ಲ. 2005ರಲ್ಲಿ ಅಫ್ಘಾನಿಸ್ತಾನದಲ್ಲಿ ಸತ್ತ ಒಬ್ಬ ಸೈನಿಕನ ಹೆಂಡತಿ ಮತ್ತು ಇನ್ನೂ ಕೆಲವರು ಕೋರ್ಟಿಗೆ ಹೋಗಬೇಕಾಯಿತು. 2007ರಲ್ಲಿ ಅದು ಪಟ್ಟಿಗೆ ಸೇರಿತು. ದೇಶಕ್ಕೆ ಪ್ರಾಣ ಕೊಟ್ಟ ಮೇಲೂ ನಿನ್ನ ದೇವರು ನಮ್ಮ ಪಟ್ಟಿಯಲ್ಲಿ ಇಲ್ಲ ಅನ್ನಿಸಿಕೊಂಡ ಆ ಮನೆಯವರ ನೋವು ನನಗೆ ಆ ಟೋಕನ್ ಕಿಟಕಿ ಮುಂದೆ ನೆನಪಾಯಿತು.

ನಮ್ಮ ಕಡೆಯ ಕೊರತೆಯನ್ನೂ ಹೇಳಬೇಕು. ಧರ್ಮದ ಹೆಸರಿನ ಟ್ರಸ್ಟುಗಳು ಆಸ್ಪತ್ರೆ, ಶಾಲೆ, ಊಟ ಅಂತ ಮಾಡುತ್ತಾ ಇವೆ. ನನ್ನಂಥವರು ಏನು ಮಾಡಿದ್ದೇವೆ? ಇದು ಹಳೇ ಪ್ರಶ್ನೆ. ರೋಮ್‌ನಲ್ಲಿ ಜೂಲಿಯನ್ ಅಂತ ಒಬ್ಬ ಚಕ್ರವರ್ತಿ ಇದ್ದ, ಕ್ರಿ.ಶ. 361ರಿಂದ 363ರವರೆಗೆ ಆಳಿದವನು, ಹಳೇ ದೇವರುಗಳ ಕಡೆಯವನು. ಈಗಿನ ಟರ್ಕಿಯಲ್ಲಿ ಇರುವ ಗಲಾಟಿಯಾ ಪ್ರಾಂತ್ಯದ ತನ್ನ ಪೂಜಾರಿಗೆ ಒಂದು ಪತ್ರ ಬರೆದ. ಕ್ರೈಸ್ತರು ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ಇದು ನಮಗೆ ನಾಚಿಕೆ ಅಂದ. ಊರೂರಲ್ಲಿ ಛತ್ರ ಕಟ್ಟಿಸು, ನಮ್ಮವರಿಗೆ ಮಾತ್ರ ಅಲ್ಲ, ಬೇರೆಯವರಿಗೂ ಸಿಗಲಿ ಅಂದ. ವರ್ಷಕ್ಕೆ 30,000 ಮೋಡಿಯಸ್ ಗೋಧಿ ಕಳಿಸಿಕೊಡಲು ಹೇಳಿದ, ಇವತ್ತಿನ ಲೆಕ್ಕದಲ್ಲಿ ಸುಮಾರು 200 ಟನ್. ಅದರಲ್ಲಿ ಐದನೇ ಒಂದು ಭಾಗ ಪೂಜಾರಿಗಳ ಕೈಕೆಳಗಿನ ಬಡವರಿಗೆ, ಉಳಿದದ್ದು ಪರ ಊರಿನವರಿಗೆ ಮತ್ತು ಭಿಕ್ಷುಕರಿಗೆ. ಬೇರೆಯವರಿಗೂ ಸಿಗಲಿ ಅನ್ನುವ ಮಾತು ನನಗೆ ಬಹಳ ಇಷ್ಟ. ಆದರೆ ಆ ಗೋಧಿಯ ಹಿಂದೆ ಜನರನ್ನು ಹಳೇ ದೇವರ ಕಡೆ ವಾಪಸ್ ಎಳೆಯುವ ಆಸೆ ಇತ್ತು, ಅದು ಇಷ್ಟ ಇಲ್ಲ. ನನ್ನ ಕಡೆಯವನೇ ಮಾಡಿದರೂ ತಪ್ಪು ತಪ್ಪೇ.

ಬೇರೆ ಥರ ಮಾಡಲಿಕ್ಕೆ ಆಗುತ್ತದೆ ಅಂತ ಕೊಡಗಿನಲ್ಲೇ ನೋಡಿದ್ದೇನೆ. ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ ಉಂಡಿದ್ದೇನೆ, ಎಮ್ಮೆಮಾಡಿನ ಉರೂಸ್‌ನಲ್ಲಿ ಉಂಡಿದ್ದೇನೆ, ಎರಡೂ ಕಡೆ ನನ್ನ ಹೆಸರು ಸಹ ಯಾರೂ ಕೇಳಲಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದಾಗ ಒಂದು ಪರಿಹಾರ ಕೇಂದ್ರದಲ್ಲಿ ನಾಲ್ಕು ದಿನ ಪಾತ್ರೆ ತೊಳೆದೆ. ಅಲ್ಲಿಯೂ ರಿಜಿಸ್ಟರ್ ಇತ್ತು. ಹೆಸರು, ಊರು, ಮನೆಯಲ್ಲಿ ಎಷ್ಟು ಜನ, ಯಾರು ಸಿಕ್ಕಿಲ್ಲ, ಯಾವ ಮಾತ್ರೆ ಬೇಕು. ಆ ರಿಜಿಸ್ಟರ್ ನೋಡಿದರೆ ಕಣ್ಣೀರು ಬರುತ್ತಿತ್ತು. ಸಂಜೆ ಯಾರೋ ಒಂದು ಮೂಲೆಯಲ್ಲಿ ನಮಾಜ್ ಮಾಡಿದರು, ಯಾರೋ ದೀಪ ಹಚ್ಚಿದರು, ಯಾರೋ ಸುಮ್ನೆ ಅತ್ತರು. ಮೂರಕ್ಕೂ ಜಾಗ ಇತ್ತು. ಸಾರ್ವಜನಿಕ ಜಾಗದಲ್ಲಿ ಧರ್ಮ ಹಾಗಿರಲಿ. ಬೇಡ ಅಂತ ನಾನು ಹೇಳುವುದೇ ಇಲ್ಲ.

ಒಂದು ಮಾತು ಸೇರಿಸುತ್ತೇನೆ, ಸ್ವಲ್ಪ ದಾರಿ ತಪ್ಪಿದರೂ ಪರವಾಗಿಲ್ಲ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡು ಇವೆ, ಒಟ್ಟು ಸುಮಾರು 2,500 ಹೆಕ್ಟೇರ್. ಎಷ್ಟೋ ಕಡೆ ಜೀರ್ಣೋದ್ಧಾರ ಅಂತ ಕಾಂಕ್ರೀಟ್ ಕಟ್ಟಡ ಏಳುತ್ತದೆ, ಮುಂದೆ ದಾನಿಗಳ ಹೆಸರಿನ ಕಲ್ಲು, ಹಿಂದೆ ಮರ ಕಡಿಮೆ. ದಾನಿಯ ಹೆಸರು ಕೆತ್ತುವುದು, ಉಂಡವರ ಧರ್ಮ ಬರೆಯುವುದು, ಎರಡೂ ನನಗೆ ಒಂದೇ ಥರ ಕಾಣುತ್ತದೆ. ಕಾರಣರಿಗೆ ಮೀದಿ ಇಟ್ಟ ದಿನ ನಮ್ಮ ಮನೆ ಬಾಗಿಲಿಗೆ ಬಂದವರೆಲ್ಲ ಉಣ್ಣುತ್ತಾರೆ. ನಮ್ಮ ತಾತ ಬಡಿಸುವಾಗ ಕೇಳುತ್ತಿದ್ದದ್ದು ಒಂದೇ: ಇನ್ನೂ ಸ್ವಲ್ಪ ಹಾಕ್ಲಾ?

ಡಿಸ್ಚಾರ್ಜ್ ದಿನ ಟ್ರಸ್ಟಿನ ಮ್ಯಾನೇಜರ್‌ನ್ನು ಕಂಡು ಮಾತಾಡಿದೆ. ಒಳ್ಳೇ ಮನುಷ್ಯ. ಸಿಟ್ಟು ಮಾಡಲಿಲ್ಲ. ಧರ್ಮದ ಕಾಲಂ ಯಾಕೆ ಅಂದರೆ, ದಾನ ಕೊಡುವವರಿಗೆ ವರದಿ ಕಳಿಸುವಾಗ ಎಲ್ಲ ಧರ್ಮದವರಿಗೂ ಕೊಡುತ್ತೇವೆ ಅಂತ ತೋರಿಸಲಿಕ್ಕೆ ಅಂದರು. ಉದ್ದೇಶ ಕೆಟ್ಟದಲ್ಲ. ಎಷ್ಟು ತಟ್ಟೆ ಊಟ ಹೋಯಿತು ಅಂತ ತೋರಿಸಿದರೆ ಸಾಲದಾ ಅಂತ ಕೇಳಿದೆ. ಪ್ರಾರ್ಥನೆಯನ್ನು ಪಕ್ಕದ ಕೋಣೆಯಲ್ಲಿ ಇಟ್ಟು, ಬೇಕಾದವರು ಹೋಗಲಿ, ಬಾಗಿಲು ಮಾತ್ರ ಹಾಕಬೇಡಿ ಅಂದೆ. ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಕೊಡಲು ಹೇಳಿದರು. ಅಲ್ಲೇ ಕೂತು ಬರೆದು ಕೊಟ್ಟೆ, ಜೊತೆಗೆ ನಮ್ಮಿಬ್ಬರ ಹನ್ನೊಂದು ದಿನದ ಊಟಕ್ಕೆ ಆಗುವಷ್ಟು ದುಡ್ಡು ಡಬ್ಬಿಗೆ ಹಾಕಿದೆ. ರಶೀದಿ ಬೇಡ ಅಂದೆ.

ಆಸ್ಪತ್ರೆಗೆ ಬಂದು ಕೈಯಲ್ಲಿ ಕಾಸಿಲ್ಲದೆ ಪರದಾಡುವವರು ಖಂಡಿತ ಹೋಗಿ. ವಾರ್ಡ್ ಸಿಸ್ಟರ್ ಹತ್ತಿರ ಕೇಳಿದರೆ ದಾರಿ ಹೇಳುತ್ತಾರೆ. ಹನ್ನೆರಡು ಇಪ್ಪತ್ತಕ್ಕೇ ತಲುಪಿ, ತಡ ಮಾಡಿದರೆ ಹೊರಗೆ ನಿಲ್ಲಬೇಕು. ರಾತ್ರಿ ಮಲಗುವುದಾದರೆ ಗೋಡೆ ಪಕ್ಕದ ಜಾಗ ಬೇಡ, ತೇವ ಬರುತ್ತದೆ. ಧರ್ಮದ ಕಾಲಂ ಖಾಲಿ ಬಿಟ್ಟರೂ ಟೋಕನ್ ಕೊಡುತ್ತಾರೆ, ಎರಡನೇ ದಿನದಿಂದ ನಾನು ಖಾಲಿ ಬಿಟ್ಟೆ, ಹುಡುಗ ಏನೂ ಹೇಳಲಿಲ್ಲ. ಇದನ್ನು ನಿಮ್ಮ ಪಕ್ಕ ನಿಂತವರಿಗೂ ಹೇಳಿ. ಮುಂದಿನ ತಿಂಗಳು ಅವ್ವನ ಚೆಕ್‌ಅಪ್ ಇದೆ. ಅಡುಗೆ ಅಕ್ಕನಿಗೆ ಮನೆಯ ಕಾಫಿಪುಡಿ ತಂದುಕೊಡುತ್ತೇನೆ ಅಂತ ಹೇಳಿದ್ದೇನೆ. ಹೋದಾಗ ರಿಜಿಸ್ಟರನ್ನೂ ನೋಡಿ ಬಂದು, ಆ ಕಾಲಂ ಹೋಗಿದ್ದರೆ ಇಲ್ಲೇ ತಿದ್ದಿ ಬರೆಯುತ್ತೇನೆ.