1500ಡಿ ತಗೊಳ್ಳೋದಾ, ಡಿ3500 ತಗೊಳ್ಳೋದಾ?

ಕ್ಯಾಮೆರಾ ಅಂದ ಕೂಡಲೇ ಎಲ್ಲರೂ ಕೇಳೋದು ಮೆಗಾಪಿಕ್ಸೆಲ್ ಎಷ್ಟು ಅಂತ. ಕ್ಯಾನನ್ 1500ಡಿ, ನಿಕಾನ್ ಡಿ3500 ಎರಡರಲ್ಲೂ 24, ಎರಡೂ ಬಂದಿದ್ದು 2018ರಲ್ಲಿ, ಜೊತೆಗೆ ಸಿಗೋದು ಅದೇ 18-55 ಲೆನ್ಸ್. ಆ ಮಾತು ಅಲ್ಲಿಗೆ ಬಿಡಿ. ನಾನು ಎರಡನ್ನೂ ಬೇರೆ ಬೇರೆ ವಾರ ಬಾಡಿಗೆಗೆ ತಂದು ತಿರುಗಿದೆ.

ಮೊದಲು ಕೆ.ಆರ್. ಮಾರ್ಕೆಟ್, ಬೆಳಗ್ಗೆ ಆರು ಗಂಟೆ. ಮಹಡಿ ಮೇಲಿಂದ ಬಗ್ಗಿದರೆ ಕೆಳಗೆ ಚೆಂಡುಹೂವಿನ ರಾಶಿ, ಆದರೆ ಬೆಳಕು ಕಮ್ಮಿ. ಜೂಮ್ ಪೂರ್ತಿ ಎಳೆದರೆ ಈ ಲೆನ್ಸಿನ ಕಿಂಡಿ ಎಫ್5.6ಕ್ಕಿಂತ ಜಾಸ್ತಿ ತೆರೆಯೋದಿಲ್ಲ, ಒಳಗೆ ಬರೋ ಬೆಳಕು ಇನ್ನೂ ಕಮ್ಮಿ, ಐಎಸ್‌ಓ (ಬೆಳಕು ಹಿಡಿಯುವ ಸೂಕ್ಷ್ಮತೆ) 3200ಕ್ಕೆ ಏರಿಸದೆ ಗತಿಯಿಲ್ಲ. ಮನೆಗೆ ಬಂದು ನೋಡಿದರೆ ಕ್ಯಾನನ್ ಫೋಟೋದಲ್ಲಿ ಮೂಟೆಗಳ ನೆರಳಲ್ಲೆಲ್ಲ ರವೆ ಚೆಲ್ಲಿದ ಹಾಗೆ ಕಾಳು ಕಾಳು, ನಿಕಾನ್‌ನಲ್ಲಿ ಅದು ಸುಮಾರು ಕಮ್ಮಿ. ಹೂ ಕಟ್ಟುವವರ ಮುಖದ ಬಣ್ಣ ಮಾತ್ರ ಕ್ಯಾನನ್‌ನಲ್ಲೇ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ತೂಕ ಕ್ಯಾನನ್ 475 ಗ್ರಾಂ, ನಿಕಾನ್ 415 ಗ್ರಾಂ. ವ್ಯತ್ಯಾಸ ಒಂದು ಕೋಳಿಮೊಟ್ಟೆಯಷ್ಟು, ತಲೆ ಕೆಡಿಸಿಕೊಳ್ಳಬೇಡಿ.

ಬ್ಯಾಟರಿ ಹಾಗಲ್ಲ. ಕಂಪನಿ ಲೆಕ್ಕದಲ್ಲಿ ಕ್ಯಾನನ್‌ಗೆ ಒಂದು ಚಾರ್ಜ್‌ಗೆ 500 ಫೋಟೋ, ನಿಕಾನ್‌ಗೆ 1550. ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ ಹತ್ತಿ ಹಂಪಿಗೆ ಹೋದಾಗ ಕೈಯಲ್ಲಿದ್ದದ್ದು ಕ್ಯಾನನ್. ಮೊದಲ ದಿನ ವಿಠಲ ದೇವಸ್ಥಾನದ ಹತ್ತಿರ ಸುಮ್ನೆ ಸಿಕ್ಕಿದ್ದೆಲ್ಲ ಹೊಡೆದೆ, ಮಾರನೇ ದಿನ ಮಾತಂಗ ಬೆಟ್ಟದ ಮೇಲೆ ಸೂರ್ಯ ಹುಟ್ಟುವ ಹೊತ್ತಿಗೆ ಬ್ಯಾಟರಿ ಗುರುತು ಕೆಂಪಗೆ ಮಿಣುಕುತ್ತಿತ್ತು. ತಪ್ಪು ನನ್ನದೇ, ರಾತ್ರಿ ಚಾರ್ಜಿಗೆ ಹಾಕಿರಲಿಲ್ಲ. ನಿಕಾನ್ ತಗೊಂಡು ಬಾದಾಮಿಗೆ ಹೋದಾಗ ಚಾರ್ಜರನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ.

ಫೋನಿಗೆ ಫೋಟೋ ಕಳಿಸೋಕೆ ಕ್ಯಾನನ್‌ನ ವೈಫೈ ಸಲೀಸು. ನಿಕಾನ್‌ನಲ್ಲಿ ಬರೀ ಬ್ಲೂಟೂತ್, ಚಿಕ್ಕದು ಮಾಡಿದ ಫೋಟೋ ನಿಧಾನಕ್ಕೆ ಬರುತ್ತವೆ. ವಿಡಿಯೋ ಜಾಸ್ತಿ ಮಾಡ್ತೀರಾ? ಹಾಗಾದರೆ ಇವೆರಡೂ ಬೇಡ, ಸ್ವಲ್ಪ ದುಡ್ಡು ಸೇರಿಸಿ ತಿರುಗುವ ಟಚ್ ಸ್ಕ್ರೀನ್ ಇರುವ ಕ್ಯಾನನ್ 200ಡಿ ಮಾರ್ಕ್ 2 ನೋಡಿ.

ನಾನು ತಗೊಂಡಿದ್ದು ಡಿ3500. ಹೊಸದು ಈಗ ತಯಾರಾಗುವುದಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್. ಒಂದು ಅಂಗಡಿಯವರು "ಐದು ಸಾವಿರ ಫೋಟೋ ಕೂಡ ಹೊಡೆದಿಲ್ಲ ಸಾರ್" ಅಂದರು. ನಿಕಾನ್‌ನಲ್ಲಿ ಶಟರ್ ಲೆಕ್ಕ ಫೋಟೋ ಫೈಲ್ ಒಳಗೇ ಕೂತಿರುತ್ತದೆ ಅಲ್ವಾ, ಅಲ್ಲೇ ಒಂದು ಹೊಡೆದು ತೆಗೆದು ನೋಡಿದರೆ 41 ಸಾವಿರ. ಬೇರೆ ಕಡೆ ತಗೊಂಡೆ.

ಒಂದು ವಿಷಯದಲ್ಲಿ ಮಾತ್ರ ಏಮಾರಿದೆ. ಮಾವನ ಹಳೇ ನಿಕಾನ್ 50 ಎಂಎಂ 1.8ಡಿ ಲೆನ್ಸ್ ಮನೆಯಲ್ಲೇ ಇತ್ತು, ಪುಕ್ಕಟೆ ಲೆನ್ಸ್ ಸಿಕ್ಕಿತು ಅಂದುಕೊಂಡಿದ್ದೆ. ಆ ಲೆನ್ಸ್ ತಾನಾಗೇ ಫೋಕಸ್ ಆಗೋಕೆ ಕ್ಯಾಮೆರಾ ಒಳಗೆ ಮೋಟರ್ ಬೇಕು, ಡಿ3500ರಲ್ಲಿ ಅದು ಇಲ್ಲ. ಈಗ ಕೈಯಲ್ಲೇ ತಿರುಗಿಸಿ, ವ್ಯೂಫೈಂಡರ್ ಮೂಲೆಯಲ್ಲಿ ಫೋಕಸ್ ಆಯ್ತು ಅನ್ನೋ ಹಸಿರು ಚುಕ್ಕಿ ಬರೋವರೆಗೂ ಕಾಯ್ತೀನಿ.